ನೆಲವೇ ಡೊಂಕು

ಫೆಬ್ರವರಿ ೩

ಮಗಳೇ,

ಇವತ್ತಿನ ಪೇಪರಿನ ಒಳಪುಟದಲ್ಲಿ ನಿನ್ನ ಫೋಟೋ ನೋಡಿದೆ. ಮೊದಲು ನೋಡಿದವರು ನಿನ್ನಪ್ಪ. ನೋಡಿ, ಆ ಹಾಳೆಯನ್ನು ಮಡಚಿ ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದರು. ಹಾಗೆ ಕೂತ ಮನುಷ್ಯ ಏನೋ ಮುಚ್ಚಿಡುತ್ತಿದ್ದಾನೆ ಎಂದು ತಿಳಿಯಲು ನನಗೆ ಕನ್ನಡಕ ಬೇಕಿಲ್ಲ. ಎಳೆದುಕೊಂಡೆ.

ಮಧ್ಯದಲ್ಲಿ ಆ ಮಾತಿನಮಲ್ಲ ಕೈಕಟ್ಟಿ ನಿಂತಿದ್ದಾನೆ. ಅವನ ಹಿಂದೆ ಹುಡುಗ ಹುಡುಗಿಯರ ಸಾಲು. ಆ ಸಾಲಿನಲ್ಲಿ ನೀನು, ಹಲ್ಲು ಕಾಣುವಂತೆ ನಗುತ್ತಾ. ಕೆಳಗೆ ಬರೆದಿದ್ದಾರೆ: ‘ಮಿಡತೆಯ ಜನಕ ತಮ್ಮ ಹೊಸ ತಂಡದೊಂದಿಗೆ. ಹಳೆಯ ಮೆಚ್ಚಿನ ವಿಡಿಯೋ ಗೇಮ್ ಇನ್ನು ತ್ರೀಡಿಯಲ್ಲಿ.’

ಜನಕನಂತೆ! ಹೆತ್ತವಳು ಇಲ್ಲಿ ಹೆಣಿಗೆ ಕಾರ್ಖಾನೆಯಲ್ಲಿ ಸ್ವೆಟರಿಗೆ ನಮೂನೆ ಬರೆಯುತ್ತಾ ಕೂತಿದ್ದಾಳೆ.

ಜಾಹೀರಾತು ಕಂಪನಿ ಎಂದು ಹೇಳಿ ಹೋದೆಯಲ್ಲ, ಇದೇನಾ ಆ ಜಾಹೀರಾತು? ಟೈರ್ ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿ ನಾವಿಬ್ಬರು ಆ ಆಟ ಮಾಡಿದಾಗ ನೀನಿನ್ನೂ ಹುಟ್ಟಿರಲಿಲ್ಲ. ಮಿಡತೆಯನ್ನು, ಮಳೆಯಂಗಿ ತೊಟ್ಟ ಆ ಪುಟ್ಟ ಹುಡುಗಿಯನ್ನು, ಚೌಕದ ಹಾಳೆಯ ಮೇಲೆ ಚುಕ್ಕಿ ಚುಕ್ಕಿಯಾಗಿ ಬರೆದವಳು ನಾನು. ಅವಳು ಚಾವಣಿಯಿಂದ ಚಾವಣಿಗೆ ಎಡದಿಂದ ಬಲಕ್ಕೆ ಹಾರುವಾಗ ಪ್ರತಿ ಸಂದೂ ಎಷ್ಟಿರಬೇಕು ಎಂದು ಅಳೆದವಳು ನಾನು. ಯಂತ್ರಕ್ಕೆ ಬೇಕಾದ ಪ್ರೋಗ್ರಾಂ ಬರೆದವನು ಅವನು. ಸುಳ್ಳು ಹೇಳಲಾರೆ, ಚೆನ್ನಾಗಿಯೇ ಬರೆದ. ಮೂರನೆಯ ಆಟ ಮುಗಿದಾಗ ನೀನು ಹುಟ್ಟಿದೆ. ನಿನ್ನನ್ನು ಎತ್ತಿಕೊಂಡು ಕಚೇರಿಗೆ ಹೋದರೆ ನನ್ನ ಮೇಜಿನಲ್ಲಿ ಬೇರೆ ಯಾರೋ ಕೂತಿದ್ದರು. ಆಟದ ಪೆಟ್ಟಿಗೆಯ ಮೇಲೆ ಅವನೊಬ್ಬನ ಹೆಸರು. ಕೇಳಿದರೆ, “ಎರಡು ಹೆಸರಿದ್ರೆ ಜನಕ್ಕೆ ಗೊಂದಲ ಆಗುತ್ತೆ” ಎಂದ. ಅವತ್ತು ಇಳಿದ ಮೆಟ್ಟಿಲನ್ನು ನಾನು ಮತ್ತೆ ಹತ್ತಿಲ್ಲ. ನೀನು ಹತ್ತಿದ್ದೀಯ.

ಫೋನ್ ಮಾಡಬೇಡ. ಫೋನಿನಲ್ಲಿ ನೀನು ಅಳುತ್ತೀಯ, ನಾನು ಸೋಲುತ್ತೇನೆ. ಕಾಗದದಲ್ಲಾದರೆ ಪೂರ್ತಿ ಬೈಯಬಹುದು.

ಇನ್ನೂ ನಿನ್ನ ಅಮ್ಮನೇ ಆಗಿರುವ,
ಅಮ್ಮ


ಫೆಬ್ರವರಿ ೧೬

ಅಮ್ಮಾ,

ನಿನ್ನ ಕಾಗದವನ್ನು ಕಚೇರಿಯ ಕ್ಯಾಂಟೀನಿನಲ್ಲಿ ಒಡೆದೆ. ಅಲ್ಲೇ ಹರಿದೂ ಹಾಕಿದೆ. ಆಮೇಲೆ ಚೂರುಗಳನ್ನು ಜೋಡಿಸಿ ಮತ್ತೆ ಓದಿದೆ. ಈಗ ನನ್ನ ಸರದಿ.

ಸುಳ್ಳು ಹೇಳಿದ್ದು ನಿಜ. ನಿಜ ಹೇಳಿದ್ದರೆ ಬಿಡುತ್ತಿದ್ದೆಯಾ? ಮಿಡತೆಯ ಹೆಸರೆತ್ತಿದರೆ ನಮ್ಮ ಮನೆಯಲ್ಲಿ ಊಟದ ತಟ್ಟೆ ಸದ್ದು ಮಾಡುತ್ತಿತ್ತು. ಕ್ಲಾಸಿನ ಮಕ್ಕಳೆಲ್ಲ ಅವಳ ಚಿತ್ರದ ಚೀಲ ಹೊತ್ತು ಬರುತ್ತಿದ್ದರು. ನನಗೆ ಅವಳು ಗೋಡೆಯ ಆಚೆ ಕೇಳುವ ಜಗಳ. ಮಹಡಿಯ ಮೇಲಿದ್ದ ನರ್ಸ್ ಆಂಟಿಯ ಮನೆಯಲ್ಲಿ ಆಟದ ಯಂತ್ರ ಇತ್ತು. ನಾನು ಗಣಿತ ಹೇಳಿಸಿಕೊಳ್ಳಲು ಹೋಗುತ್ತೇನೆಂದು ನೀನು ತಿಳಿದಿದ್ದೆ. ನಾನು ಹೋಗುತ್ತಿದ್ದುದು ಮಿಡತೆಯ ಹತ್ತಿರ. ಮೂರು ಆಟವನ್ನೂ ಮುಗಿಸಿದ್ದೇನೆ. ಅವಳು ಹಾರುವ ಮೊದಲು ಒಂದು ಚೂರು ಮಂಡಿ ಬಗ್ಗಿಸುತ್ತಾಳಲ್ಲ, ಅದು ನೀನು ಬಸ್ಸು ಹತ್ತುವ ರೀತಿ. ಎಂಟು ವರ್ಷದ ನನಗೆ ಅದು ಗೊತ್ತಾಯಿತು. ಗೊತ್ತಾದದ್ದನ್ನು ನಿನಗೆ ಹೇಳುವಂತಿರಲಿಲ್ಲ.

ಬೇರೆ ಮಕ್ಕಳಿಗೆ ನೀನು ಆಟ ಕೊಟ್ಟೆ, ಅಮ್ಮ. ನನಗೆ ಅದರ ಸಿಟ್ಟು ಮಾತ್ರ ಕೊಟ್ಟೆ.

ನಾನು ಯಾರ ಮಗಳು ಅಂತ ನಿನ್ನ ಆ ಮಾತಿನಮಲ್ಲರಿಗೆ ಹೇಳಿ ಸೇರಿದವಳಲ್ಲ. ಪರೀಕ್ಷೆ ಬರೆದು ಸೇರಿದೆ. ಅವರಿಗೆ ಗೊತ್ತಾದದ್ದೇ ಆಮೇಲೆ. ಗೊತ್ತಾದಾಗ, “ಅಮ್ಮ ಚೆನ್ನಾಗಿದ್ದಾರಾ?” ಎಂದರು. “ಚೆನ್ನಾಗಿದ್ದಾರೆ” ಎಂದೆ. ಅಷ್ಟೇ.

ನನ್ನ ಕೆಲಸ ಕ್ಯಾಮೆರಾ. ತ್ರೀಡಿ ಆಟದಲ್ಲಿ ಮಿಡತೆಯನ್ನು ಯಾವ ಕಡೆಯಿಂದ, ಎಷ್ಟು ದೂರದಿಂದ ನೋಡಬೇಕು ಎನ್ನುವುದನ್ನು ನಾನು ಮಾಡುತ್ತೇನೆ.

ಸಿಟ್ಟಿನಲ್ಲಿ ನಿನಗಿಂತ ಕಡಿಮೆಯಿಲ್ಲದ,
ಮಗಳು


ಮಾರ್ಚ್ ೧

ಮಗಳೇ,

ನರ್ಸ್ ಆಂಟಿಯಂತೆ, ಗಣಿತವಂತೆ! ಸಾಕಿದ ಗಿಳಿ ಹದ್ದಾಗಿ ಕುಕ್ಕಿತು ಎನ್ನುವುದು ಇದಕ್ಕೇ.

ಮಂಡಿಯ ವಿಷಯ ಯಾರಿಗೂ ಹೇಳಬೇಡ.

ಇನ್ನೊಂದು. ಆ ಆಟಕ್ಕೆ ಕ್ಯಾಮೆರಾ ಯಾಕೆ? ಮಿಡತೆಯ ಆಟದಲ್ಲಿ ಆಡುವವರ ಕಣ್ಣಿಗೆ ಎಲ್ಲವೂ ಕಾಣುತ್ತಿತ್ತು. ಇಲ್ಲಿ ನಿಂತಿದ್ದೇನೆ, ಅಲ್ಲಿ ಇಳಿಯಬೇಕು, ನಡುವೆ ಇಷ್ಟು ಸಂದು. ಬಿದ್ದರೆ ತಪ್ಪು ತನ್ನದೇ ಎಂದು ಬಿದ್ದವರಿಗೇ ತಿಳಿಯುತ್ತಿತ್ತು. ಅದಕ್ಕೇ ಬೈದುಕೊಂಡು ಮತ್ತೆ ಆಡುತ್ತಿದ್ದರು. ಅವಳನ್ನು ಹಿಂದಿನಿಂದ ತೋರಿಸಿದರೆ ಸಂದು ಕಾಣುವುದಾದರೂ ಹೇಗೆ? ಎದುರಿನ ಚಾವಣಿ ಒಂದು ಮಾರು ದೂರವೋ ಹತ್ತು ಮಾರು ದೂರವೋ, ದೇವರೇ ಬಲ್ಲ. ಇದ್ದದ್ದನ್ನು ಕೆಡಿಸಲು ಒಂದು ಇಲಾಖೆ, ಅದಕ್ಕೆ ನೀನು ಅಧಿಕಾರಿ.

ಅಮ್ಮ


ಮಾರ್ಚ್ ೨೨

ಅಮ್ಮಾ,

ಉತ್ತರ ಬರೆಯಬಾರದು ಎಂದುಕೊಂಡಿದ್ದೆ. ಬರೆಯುತ್ತಿದ್ದೇನೆ, ಏಕೆಂದರೆ ನೀನು ಹೇಳಿದ್ದೇ ಆಗುತ್ತಿದೆ. ಅದಕ್ಕೂ ನಿನ್ನ ಮೇಲೇ ಸಿಟ್ಟು ಬರುತ್ತಿದೆ.

ಹೊರಗಿನ ಜನರನ್ನು ಕರೆಸಿ ಆಡಿಸಿ ನೋಡುತ್ತೇವೆ. ಕಿಟಕಿಯಿಲ್ಲದ ಕೋಣೆ, ಒಂದು ಸೋಫಾ, ಟೀವಿ, ಮೂಲೆಯಲ್ಲಿ ಅವರ ಕೈ, ಮುಖ ರೆಕಾರ್ಡ್ ಮಾಡುವ ಕ್ಯಾಮೆರಾ. ಎರಡನೆಯ ಚಾವಣಿಯಿಂದ ನೀರಿನ ಟ್ಯಾಂಕಿನ ಮೇಲೆ ಹಾರುವಾಗ ಎಲ್ಲರೂ ಬೀಳುತ್ತಾರೆ. ಬಿದ್ದರೂ ಪರವಾಗಿಲ್ಲ, ಬೈದರೂ ಪರವಾಗಿಲ್ಲ. ಆದರೆ ಅವರು ಬೈಯುವುದಿಲ್ಲ, ಅಮ್ಮ. ಕಂಟ್ರೋಲರನ್ನು ಮೆಲ್ಲಗೆ ಸೋಫಾದ ಮೇಲೆ ಇಟ್ಟು, “ಚೆನ್ನಾಗಿದೆ” ಎಂದು ಹೇಳಿ ಎದ್ದು ಹೋಗುತ್ತಾರೆ.

ನಿನ್ನ ಮಾತಿನಮಲ್ಲ ಒಂದು ಉಪಾಯ ಹೇಳಿದ್ದಾರೆ. ಆಡುವವರು ಬಟನ್ ಒತ್ತಿದರೆ ಸಾಕು, ಮಿಡತೆ ತಾನಾಗಿಯೇ ಹಾರಿ ಸರಿಯಾದ ಜಾಗದಲ್ಲಿ ಇಳಿಯಬೇಕು. “ಯಾರೂ ಬೀಳೋದೇ ಬೇಡ. ಬಿದ್ರೆ ತಾನೇ ಬೇಜಾರು?” ಎನ್ನುತ್ತಾರೆ. ಅದಾದರೆ ಅದು ಆಟವಲ್ಲ, ಲಿಫ್ಟು. ಮೀಟಿಂಗಿನಲ್ಲಿ ಹಾಗೆಯೇ ಹೇಳಿದೆ. ಯಾರೂ ನಗಲಿಲ್ಲ.

ನೀನಾಗಿದ್ದರೆ ಏನು ಮಾಡುತ್ತಿದ್ದೆ? ಕೇಳಬಾರದು ಎಂದುಕೊಂಡೇ ಕೇಳುತ್ತಿದ್ದೇನೆ.

ಮಗಳು


ಏಪ್ರಿಲ್ ೪

ಮಗಳೇ,

ತಾನಾಗಿಯೇ ಹಾರುವುದಂತೆ! ಅವನಿಗೆ ಮೊದಲಿನಿಂದಲೂ ಜನ ಬೀಳುವುದು ಕಂಡರೆ ಭಯ, ಎಲ್ಲಿ ಕಾಸು ವಾಪಸು ಕೇಳುತ್ತಾರೋ ಎಂದು. ಅವಳು ಬೀಳಬೇಕು ಕಣೇ. ಬೀಳಲಾರದವಳು ಹಾರಿದರೆ ಯಾರಿಗೇನು?

ನಾನಾಗಿದ್ದರೆ ಕ್ಯಾಮೆರಾವನ್ನು ಪಕ್ಕಕ್ಕೆ ತಂದು ಮೊಳೆ ಹೊಡೆದು ಕೂರಿಸುತ್ತಿದ್ದೆ. ಮಿಡತೆ ಎಡದಿಂದ ಬಲಕ್ಕೆ ಹೋಗಲಿ. ಮನೆಗಳು ಬೇಕಾದರೆ ಉಬ್ಬಿಕೊಂಡು ಕಾಣಲಿ, ನನಗೇನೂ ಅಭ್ಯಂತರವಿಲ್ಲ.

ನಿನ್ನಪ್ಪ ಈ ಕಾಗದವನ್ನು ಅಂಚೆಗೆ ಹಾಕಲು ಹೊರಟವರು, “ಹಿಂದಿನದಕ್ಕಿಂತ ಸ್ವಲ್ಪ ತಣ್ಣಗಿದೆ, ಕೈ ಸುಡ್ತಿಲ್ಲ” ಎಂದರು. ಹಾಗೇನೂ ಇಲ್ಲ.

ಅಮ್ಮ


ಏಪ್ರಿಲ್ ೧೯

ಅಮ್ಮಾ,

ಪಕ್ಕಕ್ಕೆ ಕೂರಿಸಿ ನೋಡಿದೆ. ಆಗಲಿಲ್ಲ. ಜನ ಒಂದು ನಿಮಿಷ ಆಡಿ, ಆ ಬೀದಿಯೊಳಗೆ ಯಾಕೆ ಹೋಗಲು ಬಿಡುವುದಿಲ್ಲ ಎಂದು ಕೇಳುತ್ತಾರೆ. ಕಾಣುವ ಬೀದಿಗೆ ಹೋಗಲು ಬಿಡದಿದ್ದರೆ ಅದು ಅಂಗಡಿಯ ಗಾಜು ಇದ್ದ ಹಾಗೆ. ನೀನು ಹೇಳಿದ್ದು ತಪ್ಪು. ಮನೆಯಲ್ಲಿ ಕೂತು ಕಾಗದದಲ್ಲಿ ಹೇಳುವುದು ಸುಲಭ.

ಬಾ. ಬಂದು ನೀನೇ ಆಡಿ ನೋಡು. ಮುಂದಿನ ಗುರುವಾರ ಅವರು ಊರಲ್ಲಿ ಇರುವುದಿಲ್ಲ.

ಮಗಳು


ಏಪ್ರಿಲ್ ೨೭

ನನ್ನ ಮಗಳಿಗೆ,

ಊರಲ್ಲಿ ಇರುವುದಿಲ್ಲ ಎಂದೆ. ಇದ್ದ.

ನಿನ್ನ ಮೇಲಿನ ನಂಬಿಕೆಯಿಂದ ಆ ಸೋಫಾದ ಮೇಲೆ ಕೂತೆ. ಮಿಡತೆಯನ್ನು ನೋಡಿದೆ. ಅವಳ ಬೆನ್ನನ್ನು ನಾನು ಯಾವತ್ತೂ ನೋಡಿರಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡೆ, ಅದನ್ನು ಒಪ್ಪಿಕೊಳ್ಳುತ್ತೇನೆ. ಆಮೇಲೆ ಹಾರಿಸಿದೆ. ಬಿದ್ದಳು. ಮತ್ತೆ ಹಾರಿಸಿದೆ, ಮತ್ತೆ ಬಿದ್ದಳು. ನೆಟ್ಟಗೆ ಟ್ಯಾಂಕಿನ ಕಡೆಗೇ ಒತ್ತಿದ್ದೆ. ಅವಳು ಗಾಳಿಯಲ್ಲಿ ಪಕ್ಕಕ್ಕೆ ವಾಲುತ್ತಿದ್ದಳು. ಎಷ್ಟು ಸಲವೋ ಲೆಕ್ಕವಿಲ್ಲ, ಬೆವರು ಬಂತು. ಆಗ ಬೆನ್ನ ಹಿಂದೆ ಆ ನಗು ಕೇಳಿಸಿತು. ಬಾಗಿಲಿಗೆ ಒರಗಿ ನಿಂತಿದ್ದ.

“ನಿನ್ನದೇ ಹುಡುಗಿ. ನಿನ್ನ ಮಾತೇ ಕೇಳ್ತಿಲ್ವಲ್ಲಮ್ಮ!” ಎಂದ.

“ಇದು ಸರಿಯಿಲ್ಲ. ಅವಳು ವಾಲ್ತಾಳೆ,” ಎಂದೆ.

“ಕುಣಿಯಲಾರದವಳು ನೆಲ ಡೊಂಕು ಅಂದಳಂತೆ,” ಎಂದು ಅವನು ನಕ್ಕ. ಅವನ ಜೊತೆ ಬಂದಿದ್ದವರೂ ನಕ್ಕರು.

“ನೆಲ ಡೊಂಕಾಗೇ ಇದೆ. ಬಗ್ಗಿ ನೋಡು,” ಎಂದು ಕಂಟ್ರೋಲರನ್ನು ಅವನ ಕೈಗೆ ತುರುಕಿ ಬಂದೆ.

ಅವನು ನಕ್ಕದ್ದಕ್ಕೆ ನನಗೇನೂ ಆಶ್ಚರ್ಯವಿಲ್ಲ. ಅವನ ಜಾಯಮಾನವೇ ಅದು. ನೀನು ಎರಡು ಅಡಿ ದೂರದಲ್ಲಿ ನಿಂತಿದ್ದೆ. ಕೈಯಲ್ಲಿ ಪೆನ್ನು ಹಿಡಿದುಕೊಂಡು, ತಲೆ ಬಗ್ಗಿಸಿಕೊಂಡು. ಒಂದು ಮಾತು? ‘ನಗಬೇಡಿ ಸಾರ್, ಅವರು ನಮ್ಮಮ್ಮ’ ಎನ್ನಲು ನಾಲಿಗೆ ಸೇದಿಹೋಗಿತ್ತೇ?

ಇನ್ನು ಬರೆಯಬೇಡ.

ಅಮ್ಮ


ಜೂನ್ ೮

ಅಮ್ಮಾ,

ಬರೆಯಬೇಡ ಎಂದೆ. ಇಷ್ಟು ದಿನ ಬರೆಯಲಿಲ್ಲ. ಈಗ ಕೇಳು. ಅವರು ಅವತ್ತು ಊರಲ್ಲಿ ಇರುತ್ತಾರೆಂದು ನನಗೂ ಗೊತ್ತಿರಲಿಲ್ಲ.

ನಾನು ಬಾಯಿ ಬಿಡಲಿಲ್ಲ. ಅದಕ್ಕೆ ಕಾರಣ ಹುಡುಕಿ ಕೊಡುವುದಿಲ್ಲ. ಹೆದರಿದೆ, ಅಷ್ಟೇ.

ನೀನು ಹೋದ ಮೇಲೆ ನೀನು ಆಡಿದ್ದರ ರೆಕಾರ್ಡ್ ಹಾಕಿಕೊಂಡು ನೋಡಿದೆ. ನೋಡಲು ಆಗುತ್ತಿರಲಿಲ್ಲ, ಆದರೂ ಬಿಡದೆ ನೋಡಿದೆ. ನಿನ್ನ ಹೆಬ್ಬೆರಳು ಒಂದಿಷ್ಟೂ ಅಲುಗಿಲ್ಲ. ಅವಳು ವಾಲುತ್ತಾಳೆ. ಯಾಕೆಂದರೆ ಅವಳು ಗಾಳಿಯಲ್ಲಿರುವಾಗ ನನ್ನ ಕ್ಯಾಮೆರಾ, ಚಂದ ಕಾಣಲಿ ಎಂದು, ಸ್ವಲ್ಪ ತಿರುಗುತ್ತದೆ. ಕ್ಯಾಮೆರಾ ತಿರುಗಿದರೆ ‘ಮುಂದೆ’ ಎನ್ನುವುದೇ ಬೇರೆ ದಿಕ್ಕಾಗುತ್ತದೆ. ನೀನು ನೆಟ್ಟಗೆ ಒತ್ತಿದ್ದೆ, ನೆಟ್ಟಗೆ ಎಂಬುದನ್ನೇ ನಾನು ನಿನ್ನ ಕೈಕೆಳಗಿನಿಂದ ಎಳೆದುಬಿಟ್ಟಿದ್ದೆ. ನೆಲ ಡೊಂಕಾಗಿಯೇ ಇತ್ತು, ಅಮ್ಮ. ಡೊಂಕು ಮಾಡಿದವಳು ನಾನು. ಈಗ ಕಾಲು ನೆಲ ಬಿಟ್ಟ ಗಳಿಗೆಯ ದಿಕ್ಕು ಇಳಿಯುವವರೆಗೂ ಬದಲಾಗದ ಹಾಗೆ ಮಾಡಿದ್ದೇನೆ. ಮೊನ್ನೆ ಬಂದ ಆರು ಜನರಲ್ಲಿ ನಾಲ್ವರು ಬಿದ್ದು, ಬೈದು, ಮತ್ತೆ ಹಾರಿ ದಾಟಿದರು. ಒಬ್ಬಾಕೆ ಬೈದ ಬೈಗುಳ ನಿನಗೂ ಗೊತ್ತಿರಲಾರದು.

ಇನ್ನೊಂದು ನೋಡಿದೆ. ಆಟ ಕೈಗೆ ಸಿಕ್ಕ ಕೂಡಲೇ ಎಲ್ಲರೂ ಮುಂದೆ ಓಡುತ್ತಾರೆ. ನೀನು ಮಾತ್ರ ಅವಳನ್ನು ಹಿಂದಕ್ಕೆ ತಿರುಗಿಸಿದೆ. ಹಳೆಯ ಆಟದಲ್ಲಿ ಹಿಂದೆ ಹೋಗುವಂತಿರಲಿಲ್ಲ, ಪರದೆ ಸರಿದರೆ ಸರಿದೇ ಹೋಯಿತು. ಇಲ್ಲೂ ನಾವು ಅಲ್ಲಿ ಏನೂ ಮಾಡಿರಲಿಲ್ಲ, ಬರೀ ಬೂದು ಬಣ್ಣ. ನೀನು ಆ ಬೂದು ಬಣ್ಣವನ್ನು ನೋಡುತ್ತಾ ತುಂಬಾ ಹೊತ್ತು ಕೂತಿದ್ದೆ. ನಿನಗೆ ಅಲ್ಲಿ ಏನು ಬೇಕಿತ್ತು?

ಕೊನೆಯದು. ನಿನ್ನೆ ಅವರ ಕೋಣೆಗೆ ಹೋಗಿ, ಆಟದ ಮೇಲೆ ನಿನ್ನ ಹೆಸರು ಅವರ ಹೆಸರಿನ ಪಕ್ಕದಲ್ಲಿ ಬರದಿದ್ದರೆ ನಾನು ಈ ತಿಂಗಳೇ ಕೆಲಸ ಬಿಡುತ್ತೇನೆ ಎಂದು ಹೇಳಿಬಂದೆ. ಬಾಯಿ ಬಿಟ್ಟೆ. ತಡವಾಗಿ.

ಮಗಳು


ಜೂನ್ ೨೦

ಲೇ ಹುಚ್ಚಿ,

ಕೆಲಸ ಬಿಡುತ್ತಾಳಂತೆ! ಯಾರನ್ನು ಕೇಳಿ? ನನ್ನ ಹೆಸರಿನ ಜಗಳ ನನ್ನದು. ಆ ಕ್ಯಾಮೆರಾ ನಿನ್ನದು. ಅರ್ಧಕ್ಕೆ ಬಿಟ್ಟರೆ ನಿನ್ನ ಮೇಜಿನಲ್ಲಿ ನಾಳೆ ಇನ್ನೊಬ್ಬರು ಕೂರುತ್ತಾರೆ, ಮಿಡತೆ ಮತ್ತೆ ವಾಲಲು ಶುರುಮಾಡುತ್ತಾಳೆ. ಅದು ಹೇಗಿರುತ್ತದೆ ಎಂದು ನನಗೆ ಗೊತ್ತು. ನಿನಗೆ ಗೊತ್ತಾಗುವುದು ಬೇಡ.

ಈಗ ಸಮಾಚಾರ ಕೇಳು. ಸೋಮವಾರ ಆ ಮನುಷ್ಯ ನಮ್ಮ ಕಾರ್ಖಾನೆಗೆ ಬಂದಿದ್ದ. ಹೆಣಿಗೆಯ ಯಂತ್ರಗಳೆಲ್ಲ ಓಡುತ್ತಿದ್ದವು, ಅವನು ಬಾಯಾಡಿಸುವುದು ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಅವನನ್ನು ಅಷ್ಟು ಚೆನ್ನಾಗಿ ನಾನು ಯಾವತ್ತೂ ಸಹಿಸಿಕೊಂಡಿರಲಿಲ್ಲ. ಆಮೇಲೆ ನೂಲಿನ ಉಗ್ರಾಣಕ್ಕೆ ಕರೆದುಕೊಂಡು ಹೋದೆ. ಕುರ್ಚಿ ಕೊಡಲಿಲ್ಲ.

“ಮಗಳಿಗೆ ಸ್ವಲ್ಪ ಬುದ್ಧಿ ಹೇಳು,” ಎಂದ. “ಈಗ ಅವಳು ಬಿಟ್ರೆ ಆಟ ನಿಂತುಹೋಗುತ್ತೆ.”

“ಹೇಳ್ತೀನಿ. ಬಿಡಬೇಡ ಅಂತಾನೇ ಹೇಳ್ತೀನಿ. ಈಗ ನಿನ್ನ ಹತ್ರ ಮಾತಾಡೋಣ. ನನ್ನ ಹೆಸರು?”

“ವಿಶೇಷ ಸಹಾಯ ಅಂತ ಕೊನೇಲಿ ಹಾಕಿಸ್ತೀನಿ.”

“ಸಹಾಯ ಮಾಡೋಕೆ ನಾನೇನು ನಿನ್ನ ಮನೆ ಸಾಮಾನು ಹೊತ್ತಿದ್ನಾ?”

ಅವನು ಒಂದು ನೂಲಿನ ಉಂಡೆ ಕೈಗೆತ್ತಿಕೊಂಡು ತಿರುಗಿಸುತ್ತಾ ನಿಂತ. ಕೂದಲು ಪೂರ್ತಿ ಬೆಳ್ಳಗಾಗಿದೆ, ಅವತ್ತು ನಾನು ಗಮನಿಸಿರಲಿಲ್ಲ. ಕೊನೆಗೆ ಅವನ ಬಾಯಿಂದ ಒಂದು ನಿಜ ಬಂತು.

“ಈಗ ಹಾಕಿದ್ರೆ, ಇಷ್ಟು ವರ್ಷ ಯಾಕೆ ಹಾಕಿರಲಿಲ್ಲ ಅಂತ ಕೇಳ್ತಾರೆ.”

“ಕೇಳಲಿ.”

“ಏನು ಹೇಳಲಿ ನಾನು?”

“ನನ್ನನ್ನ ಕೇಳ್ತೀಯಾ? ಮಾತಾಡೋದು ನಿನ್ನ ಕಸುಬು ತಾನೆ. ಚುಕ್ಕಿ ಇಡೋದು ನಂದು. ನಂದು ನಾನು ಮಾಡಿ ಆಗಿದೆ.”

ಅವನು ಆ ಉಂಡೆಯನ್ನು ತಪ್ಪು ಬಣ್ಣದ ಡಬ್ಬಕ್ಕೆ ಹಾಕಿ ಹೋದ. ಅವನಿಗೆ ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ನೋಡೋಣ.

ಹಿಂದಕ್ಕೆ ಯಾಕೆ ತಿರುಗಿಸಿದೆ ಎಂದು ಕೇಳಿದೆ. ಮಿಡತೆ ಎಲ್ಲಿಂದ ಹೊರಟು ಬಂದವಳು ಎಂದು ಆ ಕಾಲದಲ್ಲಿ ಯಾರೂ ಕೇಳಲಿಲ್ಲ. ಯಂತ್ರದಲ್ಲಿ ಜಾಗವೂ ಇರಲಿಲ್ಲ. ಆದರೆ ನನ್ನ ತಲೆಯಲ್ಲಿ ಇತ್ತು. ಅವಳ ಹಿಂದೆ ಒಂದು ಇಳಿಜಾರು ಬೀದಿ, ಎರಡೂ ಕಡೆ ಮುಚ್ಚಿದ ಅಂಗಡಿಗಳು. ಒಂದರಲ್ಲಿ ಮಾತ್ರ ದೀಪ. ಆ ದೀಪದ ಹತ್ತಿರ ಅವಳನ್ನು ಬೈಯುತ್ತಾ ಯಾರೋ ಒಬ್ಬರು ಇದ್ದಾರೆ. ಅದಕ್ಕೇ ಅವಳು ಅಷ್ಟು ಜೋರಾಗಿ ಓಡುವುದು.

ಕೆಲಸ ಬಿಟ್ಟೆಯೋ, ಕಾಲು ಮುರಿಯುತ್ತೇನೆ.

ಅಮ್ಮ


ಅಕ್ಟೋಬರ್ ೧೧

ಅಮ್ಮಾ,

ನಿನ್ನೆ ಪತ್ರಕರ್ತರನ್ನು ಕರೆದು ಆಟ ತೋರಿಸಿದರು. ಟೀವಿಯವರು ಹಾಕುವ ಮೊದಲು ನನ್ನಿಂದಲೇ ಕೇಳು.

ಪರದೆಯ ಮೇಲೆ ಎರಡು ಹೆಸರು ಬಂದವು. ಒಂದೇ ಅಳತೆಯ ಅಕ್ಷರ, ಒಂದೇ ಸಾಲು. ಹಿಂದಿನ ಸಾಲಿನ ಒಬ್ಬಾಕೆ ಎದ್ದು, “ಈ ಎರಡನೇ ಹೆಸರು ಇಷ್ಟು ವರ್ಷ ಎಲ್ಲಿತ್ತು?” ಎಂದು ಕೇಳಿದಳು. ಅವರು ಮೈಕನ್ನು ಸರಿಮಾಡಿಕೊಂಡರು. ನೀರು ಕುಡಿದರು. ಆಮೇಲೆ, “ಮರೆತುಹೋಗಿತ್ತು” ಎಂದರು.

ಸಭೆಯಲ್ಲಿ ಗುಸುಗುಸು. ನಾನು ವೇದಿಕೆಯ ಪಕ್ಕದಲ್ಲಿದ್ದೆ. “ಮರೆತಿರಲಿಲ್ಲ. ತೆಗೆದುಹಾಕಿದ್ರು,” ಎಂದೆ. ಮೈಕ್ ಇರಲಿಲ್ಲ, ಆದರೆ ಮುಂದಿನ ಎರಡು ಸಾಲಿಗೆ ಕೇಳಿಸಿತು. ಅವರು ಬರೆದುಕೊಂಡರು. ಇವತ್ತು ಕಚೇರಿಯಲ್ಲಿ ಯಾರೂ ನನ್ನ ಜೊತೆ ಮಾತಾಡುತ್ತಿಲ್ಲ. ಮುಂದಿನ ಆಟಕ್ಕೆ ನಾನು ಇರುತ್ತೇನೋ ಇಲ್ಲವೋ ಗೊತ್ತಿಲ್ಲ. ಈ ಆಟ ಮುಗಿದಿದೆ. ಮಿಡತೆ ವಾಲುವುದಿಲ್ಲ.

ಇಳಿಜಾರು ಬೀದಿ ಮಾಡಿದ್ದೆ. ಸಮಯವಿಲ್ಲ ಎಂದು ಅರ್ಧ ಕತ್ತರಿಸಿದರು. ದೀಪದ ಅಂಗಡಿ ಉಳಿದಿದೆ. ಬೈಯುವವರನ್ನು ಹಾಕಲು ಬಿಡಲಿಲ್ಲ.

ಆಟ ಕಳಿಸುತ್ತಿದ್ದೇನೆ. ಯಂತ್ರವನ್ನು ಅಪ್ಪ ಜೋಡಿಸುತ್ತಾರೆ.

ಮಗಳು


ನವೆಂಬರ್ ೨

ಮಗಳೇ,

ಮರೆತುಹೋಗಿತ್ತಂತೆ! ಕೊಡೆ ಮರೆಯುತ್ತಾರೆ, ಬೀಗದ ಕೈ ಮರೆಯುತ್ತಾರೆ. ಟೀವಿಯಲ್ಲಿ ಅವನು ಹಾಗೆ ಹೇಳಿದಾಗ ನಾನು ಪರದೆಗೆ ಚಪ್ಪಲಿ ಎಸೆದೆ. ಅದು ನಿನ್ನಪ್ಪನ ಟೀ ಲೋಟಕ್ಕೆ ಬಿತ್ತು. ಎರಡು ಸಾಲಿಗೆ ಕೇಳುವ ಹಾಗೆ ನೀನು ಹೇಳಿದ್ದನ್ನು ಮರುದಿನ ಪೇಪರಿನಲ್ಲಿ ಓದಿದೆ. ಆ ಹಾಳೆಯನ್ನು ಈ ಸಲ ನಾನು ಮಡಚಿ ಇಟ್ಟುಕೊಂಡಿದ್ದೇನೆ.

ನನ್ನ ಹೆಸರು ಬಂದರೆ ಸಿಟ್ಟು ಇಳಿಯುತ್ತದೆ ಎಂದುಕೊಂಡಿದ್ದೆ. ಇಳಿಯಲಿಲ್ಲ. ಇಷ್ಟು ವರ್ಷ ಜೊತೆಗಿದ್ದದ್ದು, ಹೋಗು ಎಂದರೆ ಹೋಗುತ್ತದೆಯೇ? ಇರಲಿ ಬಿಡು.

ಆಟ ಮುಗಿಸಿದೆ. ಕಾರ್ಖಾನೆಗೆ ರಜೆ ಹಾಕಿ ಆಡಿದೆ. ಬೀದಿ ಚೆನ್ನಾಗಿದೆ, ಆ ದೀಪ ನಾನು ಅಂದುಕೊಂಡದ್ದಕ್ಕಿಂತ ಹಳದಿ. ಟ್ಯಾಂಕಿನ ಹತ್ತಿರ ಬಿದ್ದೆ, ತಪ್ಪು ನನ್ನದೇ. ಬೈದುಕೊಂಡು ದಾಟಿದೆ. ಆದರೆ ಚಿಮಣಿಗಳ ಭಾಗದಲ್ಲಿ ಅವಳ ನೆರಳು ಪಕ್ಕಕ್ಕೆ ಬೀಳುತ್ತದೆ. ಬಿಸಿಲು ಹಾಗಿದೆ ಎಂದು ಹೇಳಬೇಡ. ಹಾರುವವಳ ನೆರಳು ಕಾಲ ಕೆಳಗೇ ಬೀಳಬೇಕು, ಇಲ್ಲದಿದ್ದರೆ ಎಲ್ಲಿ ಇಳಿಯುತ್ತಾಳೆ ಎಂದು ತಿಳಿಯುವುದು ಹೇಗೆ? ಸೂರ್ಯನನ್ನು ಮೆಚ್ಚಿಸಲು ಆಟ ಮಾಡಿದಿರೇನು? ಅಲ್ಲಿ ನಾನು ಒಂದು ಮಧ್ಯಾಹ್ನ ಪೂರ್ತಿ ಕಳೆದೆ. ಇದು ನನ್ನ ಆಟವಾಗಿದ್ದರೆ ಹೀಗಾಗಲು ಬಿಡುತ್ತಿರಲಿಲ್ಲ. ನನ್ನದಲ್ಲ, ನಿನ್ನದು. ಸರಿಮಾಡು.

ಕೊನೆಯಲ್ಲಿ ಹೆಸರುಗಳು ಮೇಲಕ್ಕೆ ಸರಿಯುತ್ತಾ ಬಂದವು. ನನ್ನದು ಬಂತು, ಹೋಯಿತು. ಕೂತೇ ನೋಡಿದೆ. ಆಮೇಲೆ ಯಾರ್‍ಯಾರದೋ ಹೆಸರು, ಸಂಗೀತದವರು, ಬಣ್ಣದವರು, ಲೆಕ್ಕದವರು. ಕ್ಯಾಮೆರಾ ಎಂದು ಬಂದು ಅದರ ಪಕ್ಕದಲ್ಲಿ ನಿನ್ನದು ಬಂದಾಗ ನಾನು ಎದ್ದು ನಿಂತಿದ್ದೆ. ಯಾವಾಗ ಎದ್ದೆನೋ ಗೊತ್ತಿಲ್ಲ. ನಿನ್ನಪ್ಪ ಪೇಪರ್ ಕೆಳಗಿಟ್ಟು, “ಏನಾಯ್ತು? ಯಾಕೆ ನಿಂತೆ?” ಎಂದು ಕೇಳಿದರು.

“ಅಕ್ಷರ ನೋಡಿ ಎಷ್ಟು ಸಣ್ಣದಾಗಿ ಹಾಕಿದ್ದಾನೆ, ಅಯೋಗ್ಯ!” ಎಂದೆ.

ನಿನ್ನ,
ಅಮ್ಮ